ಸೈಕಲ್ ಹುಡುಗ ಮನೆಗೆ ಹೇಗೆ ಹೋದ?

(ಮಧುರೆಯಲ್ಲಿ ಪ್ರೌಢಶಾಲಾ ಶಿಕ್ಷಕರು, ಪೋಷಕರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ನಾನು ವೃತ್ತಿಯಿಂದ ಎಂಜಿನಿಯರ್. ಸರ್ಕಾರಿ ಸೇವೆಯಲ್ಲಿ ರಸ್ತೆ, ಮೋರಿ, ಕೆರೆಕಟ್ಟೆ ನೋಡಿಕೊಂಡು ನಿವೃತ್ತನಾದವನು. ವಕೀಲನಲ್ಲ, ಶಿಕ್ಷಣ ತಜ್ಞನೂ ಅಲ್ಲ. ನಿವೃತ್ತಿಯಾದ ಮೇಲೆ ಶನಿವಾರಗಳಂದು, ಬೆಳಗಿನ ಶಾಲೆ ಬಿಟ್ಟ ನಂತರ, ಈ ಭಾಗದ ಪ್ರೌಢಶಾಲೆಗಳಲ್ಲಿ ಒಂದು ಗಂಟೆ ಮಕ್ಕಳ ಜೊತೆ ಕೂರುತ್ತೇನೆ. ಮೊದಲು ಗಣಿತ ಹೇಳಿಕೊಡುತ್ತಿದ್ದೆ. ಈಗ ಕೆಲವು ವರ್ಷಗಳಿಂದ ನ್ಯಾಯದ ಬಗ್ಗೆ ಮಾತನಾಡುತ್ತೇವೆ. ಅಲ್ಲಿ ಏನು ಹೇಳಿಕೊಡುತ್ತೇನೆ, ಏಕೆ ಹೇಳಿಕೊಡುತ್ತೇನೆ ಎಂಬುದನ್ನು ಇಂದು ತಮ್ಮ ಮುಂದೆ ಇಡುತ್ತೇನೆ.

ಮೊದಲ ದಿನ ಹಲಗೆಯ ಮೇಲೆ ಒಂದೇ ವಾಕ್ಯ ಬರೆಯುತ್ತೇನೆ. ‘ಒಬ್ಬ ಹುಡುಗ ಇನ್ನೊಬ್ಬನ ಸೈಕಲ್ ಟೈರನ್ನು ಬ್ಲೇಡಿನಿಂದ ಕುಯ್ದ. ಮುಂದೇನು?’ ಕೈಗಳು ಮೇಲೇಳುತ್ತವೆ. ‘ಹೊಡೀಬೇಕು ಸರ್.’ ‘ಬಿಸಿಲಲ್ಲಿ ನಿಲ್ಲಿಸಬೇಕು.’ ‘ಫೈನ್ ಹಾಕಬೇಕು.’ ‘ಟಿಸಿ ಕೊಟ್ಟು ಕಳಿಸಬೇಕು.’ ಎಲ್ಲವನ್ನೂ ಬರೆದುಕೊಳ್ಳುತ್ತೇನೆ. ಬಳಿಕ ಕೇಳುತ್ತೇನೆ: ‘ಸರಿ, ಆ ಸೈಕಲ್ ಹುಡುಗ ಅವತ್ತು ಸಂಜೆ ಮನೆಗೆ ಹೇಗೆ ಹೋದ?’

ತರಗತಿ ಸುಮ್ಮನಾಗುತ್ತದೆ. ಇಷ್ಟೊಂದು ಉತ್ತರಗಳಲ್ಲಿ ಒಂದರಲ್ಲಿಯೂ ಅವನಿಲ್ಲ. ಎಲ್ಲರ ಕಣ್ಣೂ ಕುಯ್ದವನ ಮೇಲೆ. ಮೂರು ಮೈಲಿ ಸೈಕಲ್ ತಳ್ಳಿಕೊಂಡು ಹೋದವನ ಮೇಲೆ ಯಾರ ಕಣ್ಣೂ ಇಲ್ಲ. ಮಕ್ಕಳು ಇದನ್ನು ಹುಟ್ಟುತ್ತಲೇ ಕಲಿತು ಬಂದದ್ದಲ್ಲ, ನಮ್ಮನ್ನು ನೋಡಿ ಕಲಿತದ್ದು. ಮನೆಯಲ್ಲಿ, ಶಾಲೆಯಲ್ಲಿ, ಊರಿನಲ್ಲಿ ಏನಾದರೂ ತಪ್ಪು ನಡೆದಾಗ ನಾವು ಮೊದಲು ಕೇಳುವುದು ‘ಯಾರು ಮಾಡಿದ್ದು?’ ಎಂದು. ಎರಡನೆಯದು ‘ಅವನಿಗೇನು ಮಾಡೋಣ?’ ಎಂದು. ಅಲ್ಲಿಗೆ ನಮ್ಮ ನ್ಯಾಯ ಮುಗಿಯುತ್ತದೆ.

ಇದಕ್ಕೆ ಬೇರೆ ದಾರಿಯೊಂದಿದೆ. ಇಂಗ್ಲಿಷಿನಲ್ಲಿ ಅದನ್ನು ರೆಸ್ಟೋರೇಟಿವ್ ಜಸ್ಟಿಸ್ ಎನ್ನುತ್ತಾರೆ. ಮಕ್ಕಳಿಗೆ ನಾನು ‘ಸರಿಪಡಿಸುವ ನ್ಯಾಯ’ ಎಂದು ಹೇಳುತ್ತೇನೆ. ಅದು ಕೇಳುವ ಪ್ರಶ್ನೆಗಳು ಮೂರು. ಯಾರಿಗೆ ನೋವಾಯಿತು? ಅವರಿಗೆ ಈಗ ಏನು ಬೇಕು? ಅದನ್ನು ಒದಗಿಸುವ ಹೊಣೆ ಯಾರದು? ಅಮೆರಿಕದ ಹೊವರ್ಡ್ ಝೇರ್ ಅವರು 1990ರಲ್ಲಿ ಬರೆದ ಪುಸ್ತಕದಿಂದ ಈ ವಿಚಾರಕ್ಕೆ ಬಹಳ ಪ್ರಚಾರ ಸಿಕ್ಕಿತು. ಆದರೆ ಇದು ಪುಸ್ತಕಕ್ಕಿಂತ ಮೊದಲೇ ನಡೆದು ತೋರಿಸಿದ ವಿಚಾರ. 1974ರಲ್ಲಿ ಕೆನಡಾದ ಎಲ್ಮೈರಾ ಎಂಬ ಸಣ್ಣ ಊರಿನಲ್ಲಿ ಇಬ್ಬರು ಯುವಕರು ಕುಡಿದ ಅಮಲಿನಲ್ಲಿ ಒಂದೇ ರಾತ್ರಿ 22 ಕಡೆ ದಾಂಧಲೆ ಮಾಡಿದರು. ಕಿಟಕಿ ಒಡೆದರು, ಕಾರಿನ ಟೈರು ಕುಯ್ದರು. ಅವರನ್ನು ನೋಡಿಕೊಳ್ಳುತ್ತಿದ್ದ ಅಧಿಕಾರಿ, ಇವರು ನಷ್ಟವಾದವರ ಮುಖ ನೋಡಿದರೆ ಒಳ್ಳೆಯದು ಎಂದು ನ್ಯಾಯಾಧೀಶರಿಗೆ ಸಲಹೆ ಕೊಟ್ಟರು. ನ್ಯಾಯಾಧೀಶರು ಒಪ್ಪಿದರು. ಇಬ್ಬರೂ ಬಾಗಿಲು ಬಾಗಿಲಿಗೆ ಹೋಗಿ, ‘ನಿಮ್ಮ ಕಿಟಕಿ ಒಡೆದದ್ದು ನಾವು’ ಎಂದು ಹೇಳಿ, ಎಷ್ಟು ನಷ್ಟವಾಯಿತೆಂದು ಕೇಳಿ ಬರೆದುಕೊಂಡರು. ಕೆಲವೇ ತಿಂಗಳಲ್ಲಿ ಆ ಹಣವನ್ನು ತೀರಿಸಿದರು. ಅವರಲ್ಲೊಬ್ಬರು ಮುಂದೆ ಇದೇ ಕ್ಷೇತ್ರದಲ್ಲಿ ದುಡಿದರು. ನ್ಯೂಜಿಲೆಂಡಿನಲ್ಲಿ ಮಾವೊರಿ ಜನರ ಕುಟುಂಬ ಪದ್ಧತಿಯಿಂದ ಪಾಠ ಕಲಿತು 1989ರಲ್ಲಿ ಕಾನೂನನ್ನೇ ಮಾಡಿದರು. ಅಲ್ಲಿ ತಪ್ಪು ಮಾಡಿದ ಮಗು, ಅದರ ಮನೆಯವರು, ನೊಂದವರು ಒಟ್ಟಿಗೆ ಕೂತು ಮುಂದಿನ ದಾರಿ ಹುಡುಕುತ್ತಾರೆ.

ಮಧುರೆಯ ಕೆರೆ ನೋಡಿ ಬೆಳೆದ ನಿಮಗೆ ಏರಿ, ತೂಬು, ಕೋಡಿ ಎಂದರೆ ವಿವರಿಸಬೇಕಿಲ್ಲ. ಆದ್ದರಿಂದ ನನ್ನ ಕಸುಬಿನ ಮಾತಿನಲ್ಲಿ ಹೇಳುತ್ತೇನೆ. ರಾತ್ರಿ ಕೆರೆಯ ಏರಿ ಒಡೆಯಿತು ಎನ್ನಿ. ಹೊಣೆಗಾರ ಯಾರು ಎಂದು ಬೆಳಗ್ಗೆ ವಿಚಾರಣೆ ಮಾಡಬೇಕಾದದ್ದೇ. ಆದರೆ ಅದಕ್ಕೂ ಮೊದಲು ನೀರು ಯಾರ ಗದ್ದೆಗೆ ನುಗ್ಗಿದೆ ಎಂದು ನೋಡಬೇಕು. ಒಡೆದ ಜಾಗಕ್ಕೆ ಮಣ್ಣು ತುಂಬಬೇಕು. ಆ ಜಾಗ ಏಕೆ ಸೋತಿತು ಎಂದು ತಿಳಿಯಬೇಕು. ಇಲಿ ಬಿಲವೋ, ಬೇರು ಕೊಳೆತ ಮರವೋ, ಹೂಳು ತುಂಬಿದ ಕೋಡಿಯೋ? ಇದಾವುದನ್ನೂ ಮಾಡದೆ ಬರೀ ಒಬ್ಬನನ್ನು ಅಮಾನತು ಮಾಡಿದರೆ ಮುಂದಿನ ಮಳೆಗೆ ಏರಿ ಅಲ್ಲೇ ಒಡೆಯುತ್ತದೆ. ಶಿಕ್ಷೆಯಿಂದ ಏರಿ ಗಟ್ಟಿಯಾಗುವುದಿಲ್ಲ, ಮಣ್ಣು ಹಾಕಿ ದಮ್ಮಸ್ಸು ಮಾಡಿದರೆ ಗಟ್ಟಿಯಾಗುತ್ತದೆ.

ಶರಣರ ಕಥೆಗಳನ್ನು ಕೇಳಿ ಬೆಳೆದ ಮಕ್ಕಳಿಗೆ ಇದು ಹೊಸ ವಿಚಾರ ಎನಿಸುವುದಿಲ್ಲ. ಆದರೆ ಆ ಕಥೆಗಳನ್ನು ಎಚ್ಚರದಿಂದ ಓದಬೇಕು. ಕಳ್ಳರು ಬಸವಣ್ಣನವರ ಮನೆಯ ಹಸುಗಳನ್ನು ಹೊಡೆದುಕೊಂಡು ಹೋದಾಗ, ತಾಯಿಯಿಂದ ಅಗಲಿದ ಕರುಗಳು ಸಂಕಟಪಡುತ್ತವೆ ಎಂದು ಅವರು ಕರುಗಳನ್ನೂ ಕಳುಹಿಸಿಕೊಟ್ಟರಂತೆ. ಈ ಕಥೆ ಹೇಳಿದಾಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ‘ಹಾಗಾದ್ರೆ ಕದ್ದೋರಿಗೆ ಬಹುಮಾನ ಕೊಡಬೇಕಾ ಸರ್?’ ಎಂದಳು. ಒಳ್ಳೆಯ ಪ್ರಶ್ನೆ. ನಾನು ಕೇಳಿದೆ, ‘ಹಸು ಯಾರದಮ್ಮ?’ ‘ಬಸವಣ್ಣನವರದು.’ ‘ಪಕ್ಕದ ಮನೆಯವರ ಹಸು ಹೋಗಿದ್ದರೆ, ಕರುವನ್ನೂ ಕೊಟ್ಟುಬಿಡಿ ಅಂತ ಬಸವಣ್ಣನವರು ಹೇಳಬಹುದಿತ್ತಾ?’ ಅವಳು ಯೋಚಿಸಿ, ‘ಇಲ್ಲ ಸರ್, ಅದು ಅವರಿಷ್ಟ’ ಎಂದಳು. ಅಷ್ಟೇ. ಕ್ಷಮಿಸುವ ಹಕ್ಕು ಕಳೆದುಕೊಂಡವರದು. ಮೇಷ್ಟ್ರದಲ್ಲ, ಊರ ಹಿರಿಯರದಲ್ಲ, ಮಠದ್ದೂ ಅಲ್ಲ. ಬೇರೆಯವರ ಪರವಾಗಿ ನಾವು ಉದಾರಿಗಳಾಗಬಾರದು.

ಎರಡನೆಯದು ಉರಿಲಿಂಗಪೆದ್ದಿಯವರ ಕಥೆ. ಕಳ್ಳತನಕ್ಕೆಂದು ಹೋದ ಪೆದ್ದಣ್ಣ, ಆ ಮನೆಯಲ್ಲಿ ಉರಿಲಿಂಗದೇವರು ದೀಕ್ಷೆ ಕೊಡುವುದನ್ನು ಕಂಡು ಮನಸ್ಸು ಬದಲಿಸಿದ. ದಿನವೂ ಗುರುವಿನ ಬಳಿಗೆ ಸೌದೆಯ ಹೊರೆ ತಂದು ಹಾಕಿದ. ದಲಿತ ಕುಲದಲ್ಲಿ ಹುಟ್ಟಿದ ಅವರು ಮುಂದೆ ಆ ಮಠಕ್ಕೇ ಗುರುವಾದರು. ಇಲ್ಲಿ ಎರಡು ಕೆಲಸಗಳು ನಡೆದಿವೆ. ಬದಲಾದೆ ಎಂದು ಆತ ಬಾಯಲ್ಲಿ ಹೇಳಲಿಲ್ಲ, ಸೌದೆ ಹೊತ್ತು ತೋರಿಸಿದ. ಅದು ಕಾಯಕ. ಆ ಬಳಿಕ ಸಮಾಜ ಅವನನ್ನು ‘ಕಳ್ಳ’ ಎಂದು ಕರೆಯುವುದನ್ನು ಬಿಟ್ಟಿತು. ಈ ಎರಡನೆಯ ಕೆಲಸ ನಮ್ಮದು, ಮತ್ತು ನಾವು ಸಾಮಾನ್ಯವಾಗಿ ಅದನ್ನು ಮಾಡುವುದಿಲ್ಲ. ಎಂಟನೇ ತರಗತಿಯಲ್ಲಿ ಪೆನ್ನು ಕದ್ದ ಹುಡುಗನಿಗೆ ಹತ್ತನೇ ತರಗತಿಯವರೆಗೂ ಅದೇ ಹೆಸರು.

ಮೂರನೆಯದನ್ನು ಹೇಳುವಾಗ ನನಗೆ ಮೈ ಜುಮ್ಮೆನ್ನುತ್ತದೆ. ಹರಳಯ್ಯ ಮತ್ತು ಮಧುವರಸರು ತಮ್ಮ ಮಕ್ಕಳಿಗೆ ಮದುವೆ ಮಾಡಿದರು. ಜಾತಿಯ ಕಟ್ಟಳೆ ಮುರಿಯಿತೆಂದು ಬಿಜ್ಜಳನ ಆಳ್ವಿಕೆ ಅವರಿಗೆ ಎಳೆಹೂಟೆಯ ಶಿಕ್ಷೆ ಕೊಟ್ಟಿತು. ಈ ಪ್ರಸಂಗಕ್ಕೂ ನಮ್ಮ ಮೊದಲ ಪ್ರಶ್ನೆ ಹಾಕಿ ನೋಡಿ ಎಂದು ಮಕ್ಕಳಿಗೆ ಹೇಳಿದೆ. ಆ ಮದುವೆಯಿಂದ ಯಾರಿಗೆ ನೋವಾಯಿತು? ಮಕ್ಕಳು ತಮ್ಮತಮ್ಮಲ್ಲೇ ಚರ್ಚಿಸಿ, ‘ಯಾರಿಗೂ ಇಲ್ಲ ಸರ್’ ಎಂದರು. ಕಟ್ಟಳೆ ಮುರಿದಿತ್ತು, ಯಾರ ಕೂದಲೂ ಕೊಂಕಿರಲಿಲ್ಲ. ನೋವಾದದ್ದು ಶಿಕ್ಷೆಯಿಂದ. ‘ಯಾವ ನಿಯಮ ಮುರಿಯಿತು’ ಎಂದು ಮಾತ್ರ ಕೇಳುವ ನ್ಯಾಯ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ನಮ್ಮ ಪರಂಪರೆಯಲ್ಲಿಲ್ಲ.

ಇನ್ನು ತರಗತಿಯಾಚೆ ನಡೆದದ್ದೊಂದನ್ನು ಹೇಳುತ್ತೇನೆ. ಶಾಲೆಯ ಹೆಸರಾಗಲಿ, ಮಕ್ಕಳ ಹೆಸರಾಗಲಿ ಹೇಳುವುದಿಲ್ಲ, ಹೇಳಲೂಬಾರದು. ಶಾಲೆಯ ಮೈದಾನಕ್ಕೆ ಹೊಂದಿಕೊಂಡಂತೆ ಒಬ್ಬ ಹೆಣ್ಣುಮಗಳ ಸೇವಂತಿಗೆ ತೋಟ. ಗಂಡ ತೀರಿಕೊಂಡ ಮೇಲೆ ಅವರೊಬ್ಬರೇ ನೋಡಿಕೊಳ್ಳುತ್ತಾರೆ. ಹುಡುಗರ ಕ್ರಿಕೆಟ್ ಚೆಂಡು ಪದೇಪದೇ ತೋಟಕ್ಕೆ ಬಿದ್ದು ಗಿಡ ಮುರಿಯುತ್ತಿತ್ತು. ಒಂದು ದಿನ ಅವರು ಚೆಂಡನ್ನು ವಾಪಸು ಕೊಡಲಿಲ್ಲ. ಆ ಸಂಜೆ ಮೂವರು ಹುಡುಗರು ಬೇಲಿ ನುಸುಳಿ ಡ್ರಿಪ್ ಪೈಪುಗಳನ್ನು ಎಂಟು ಹತ್ತು ಕಡೆ ಕುಯ್ದರು. ಸಿಕ್ಕಿಬಿದ್ದರು. ಟಿಸಿ ಕೊಟ್ಟು ಕಳುಹಿಸುವ ಮಾತಾಯಿತು. ಅವರಲ್ಲೊಬ್ಬ ಮಗ್ಗದ ಕೂಲಿಯವರ ಮಗ. ಶಾಲೆ ಬಿಟ್ಟರೆ ಮರುದಿನವೇ ಕೆಲಸಕ್ಕೆ ಸೇರುವವನು, ಮತ್ತೆ ಶಾಲೆಯ ಮೆಟ್ಟಿಲು ಹತ್ತುವವನಲ್ಲ.

ಮುಖ್ಯೋಪಾಧ್ಯಾಯರು ನನ್ನನ್ನು ಕರೆದರು. ನಾನು ಮೊದಲು ಹೋದದ್ದು ಆ ಹೆಣ್ಣುಮಗಳ ಬಳಿಗೆ. ‘ಅಮ್ಮಾ, ಆ ಹುಡುಗರ ಎದುರು ಕೂತು ಮಾತಾಡೋಕೆ ನಿಮಗೆ ಮನಸ್ಸಿದೆಯಾ? ಬೇಡ ಅಂದ್ರೆ ಬೇಡ, ಬಲವಂತ ಇಲ್ಲ’ ಎಂದೆ. ಎರಡು ದಿನ ಯೋಚಿಸಿ ಒಪ್ಪಿದರು. ಅವರ ತಂಗಿಯನ್ನೂ ಜೊತೆಗೆ ಕರೆತಂದರು. ಹುಡುಗರು ತಾವೇ ಮಾಡಿದ್ದೆಂದು ಒಪ್ಪಿಕೊಂಡಿದ್ದರು. ಅವರ ಮನೆಯವರೂ ಬಂದರು. ಎಲ್ಲರೂ ಸುತ್ತ ಕೂತೆವು. ಮೇಜಿಲ್ಲ, ವೇದಿಕೆಯಿಲ್ಲ. ನಾನು ಇಂಥ ಕಡೆ ನನ್ನ ಹಳೆಯ ರಸಮಟ್ಟವನ್ನು ಒಯ್ಯುತ್ತೇನೆ. ಅದು ಯಾರ ಕೈಯಲ್ಲಿದೆಯೋ ಅವರು ಮಾತ್ರ ಮಾತನಾಡಬೇಕು, ಉಳಿದವರು ಕೇಳಬೇಕು. ಕೈ ನಡುಗಿದರೆ ಒಳಗಿನ ಗುಳ್ಳೆ ಓಡಾಡುತ್ತದೆ, ಮಕ್ಕಳು ಅದನ್ನು ನೋಡಿ ತಾವಾಗಿಯೇ ನಿಧಾನವಾಗುತ್ತಾರೆ.

ಆ ತಾಯಿ ಪೈಪಿನ ಬೆಲೆಯ ಮಾತೇ ಎತ್ತಲಿಲ್ಲ. ‘ತ್ರೀ ಫೇಸ್ ಕರೆಂಟ್ ಬರೋದೇ ರಾತ್ರಿ. ಮೋಟ್ರು ತಾನಾಗೇ ಆನ್ ಆಗತ್ತೆ. ನೀರು ಹೋಗ್ತಾ ಐತೆ ಅನ್ಕೊಂಡು ಮಲಗಿದ್ದೆ. ಬೆಳಗ್ಗೆ ನೋಡಿದ್ರೆ ಒಂದು ಕಡೆ ಕೆಸರು, ಇನ್ನೊಂದು ಕಡೆ ಗಿಡ ಬಾಡಿ ನಿಂತವೆ. ಆಯುಧಪೂಜೆಗೆ ಕುಯ್ಯೋ ಹೂವು ಕಣ್ರಪ್ಪಾ. ಅದಕ್ಕಿಂತ ಹೆಚ್ಚಾಗಿ, ನನ್ನ ಮೇಲೆ ಯಾರಿಗೆ ಇಷ್ಟು ದ್ವೇಷ ಅಂತ ನಾಲ್ಕು ರಾತ್ರಿ ನಿದ್ದೆ ಮಾಡ್ಲಿಲ್ಲ. ಕತ್ತಿ ಪಕ್ಕದಲ್ಲಿಟ್ಕೊಂಡು ಕೂತಿದ್ದೆ’ ಎಂದರು. ಹುಡುಗರ ತಲೆ ಬಗ್ಗಿತು. ಅವರು ಕುಯ್ದದ್ದು ಪೈಪು ಎಂದುಕೊಂಡಿದ್ದರು. ಒಬ್ಬ ಹೆಂಗಸಿನ ನಾಲ್ಕು ರಾತ್ರಿಯ ನಿದ್ದೆಯನ್ನು ಕುಯ್ದಿದ್ದೇವೆ ಎಂಬುದು ಅವರಿಗೆ ಗೊತ್ತೇ ಇರಲಿಲ್ಲ. ಯಾವ ಬೆತ್ತವೂ ಅವರಿಗೆ ಇದನ್ನು ಹೇಳುತ್ತಿರಲಿಲ್ಲ.

ಕೊನೆಗೆ ಒಪ್ಪಂದವನ್ನು ಬರೆದುಕೊಂಡೆವು. ಮೂವರೂ ನಾಲ್ಕು ಭಾನುವಾರ ತೋಟದಲ್ಲಿ ಕೆಲಸ ಮಾಡಬೇಕು. ಪೈಪುಗಳಿಗೆ ಜಾಯಿನರ್ ಹಾಕುವುದನ್ನು ನಾನು ಕಲಿಸಬೇಕು, ಅವರು ಹಾಕಬೇಕು. ಜಾಯಿನರ್ ಮತ್ತು ಹೊಸ ಪೈಪಿನ ಖರ್ಚನ್ನು ಮನೆಯವರು ಹಂಚಿಕೊಳ್ಳಬೇಕು. ಮೈದಾನದ ಆ ಬದಿಗೆ ಬಲೆ ಕಟ್ಟಿಸುವ ಹೊಣೆ ಶಾಲೆಯದು, ಏಕೆಂದರೆ ಚೆಂಡು ಬೀಳುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು, ಯಾರೂ ಏನೂ ಮಾಡಿರಲಿಲ್ಲ.

ಎಲ್ಲವೂ ಸುಸೂತ್ರವಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಒಬ್ಬ ಹುಡುಗ ಎರಡು ಭಾನುವಾರದ ನಂತರ ಬರಲಿಲ್ಲ. ಉಳಿದಿಬ್ಬರೇ ಅವನ ಮನೆಗೆ ಹೋಗಿ ಕರೆತಂದರು. ಬಾಡಿದ ಸಾಲುಗಳಲ್ಲಿ ಅರ್ಧದಷ್ಟು ಹಬ್ಬಕ್ಕೆ ಸಿಗಲಿಲ್ಲ. ‘ಕ್ಷಮಿಸಿದಿರಾ ಅಮ್ಮಾ?’ ಎಂದು ಯಾರೋ ಕೇಳಿದಾಗ ಆ ತಾಯಿ, ‘ಅದೆಲ್ಲ ಗೊತ್ತಿಲ್ಲ. ಭಯ ಹೋಯ್ತು’ ಎಂದರು. ನನಗೆ ಅಷ್ಟು ಸಾಕೆನಿಸಿತು. ಮೂವರೂ ಶಾಲೆಯಲ್ಲಿ ಉಳಿದರು.

ಇದು ಕಾನೂನಿಗೆ ಹೊರತಾದ ಮಾತೇ ಎಂದು ಪೋಷಕರು ಕೇಳುತ್ತಾರೆ. ಅಲ್ಲ. ನಮ್ಮ 2015ರ ಬಾಲ ನ್ಯಾಯ ಕಾಯ್ದೆಯನ್ನು ನೋಡಿ. ಹದಿನೆಂಟು ತುಂಬದ ಮಗುವಿನ ವಿಚಾರಣೆ ನಡೆಸುವ ಬಾಲ ನ್ಯಾಯ ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್ ಜೊತೆಗೆ ಇಬ್ಬರು ಸಮಾಜ ಕಾರ್ಯಕರ್ತರಿರುತ್ತಾರೆ, ಅವರಲ್ಲಿ ಒಬ್ಬರಾದರೂ ಮಹಿಳೆ. ಮಗುವನ್ನು ‘ಆರೋಪಿ’, ‘ಅಪರಾಧಿ’ ಎಂದು ಕರೆಯುವಂತಿಲ್ಲ. ಬುದ್ಧಿವಾದ ಹೇಳಿ ಮನೆಗೆ ಕಳುಹಿಸುವುದು, ಆಪ್ತಸಮಾಲೋಚನೆ, ಸಮುದಾಯ ಸೇವೆ ಇವೆಲ್ಲ ಮಂಡಳಿ ಕೊಡಬಹುದಾದ ಆದೇಶಗಳು. ಮಗುವಿನ ಗುರುತನ್ನು ಬಹಿರಂಗಪಡಿಸುವುದನ್ನು 74ನೇ ಕಲಂ ನಿಷೇಧಿಸುತ್ತದೆ. ವಾಟ್ಸಾಪ್‌ನಲ್ಲಿ ‘ಈ ಕಳ್ಳನನ್ನು ನೋಡಿ’ ಎಂದು ಮಕ್ಕಳ ಫೋಟೊ ಹರಿಬಿಡುವವರು ಇದನ್ನು ನೆನಪಿಡಬೇಕು. ದೊಡ್ಡವರ ಕಾನೂನಿನಲ್ಲೂ ಗಾಳಿ ಬದಲಾಗಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ, ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಕಳವಿನಲ್ಲಿ ಮೊದಲ ಬಾರಿ ಶಿಕ್ಷೆಗೊಳಗಾದವನು ಆ ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ, ಅವನಿಗೆ ಸಮುದಾಯ ಸೇವೆಯೇ ಶಿಕ್ಷೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆಯ ಮಾತು. ಮಕ್ಕಳೇ, ನೀವೂ ಗಮನವಿಟ್ಟು ಕೇಳಿ. ಸರಿಪಡಿಸುವ ನ್ಯಾಯ ಎಂದರೆ ಊರಿನ ರಾಜಿ ಪಂಚಾಯ್ತಿಯಲ್ಲ. ರಾಜಿ ಪಂಚಾಯ್ತಿಯಲ್ಲಿ ಬಲವುಳ್ಳವರು ಕಟ್ಟೆಯ ಮೇಲಿರುತ್ತಾರೆ, ನೊಂದವರು ಕೆಳಗೆ ಕೈಕಟ್ಟಿ ನಿಂತಿರುತ್ತಾರೆ. ‘ಆದದ್ದಾಯ್ತು, ಬಿಟ್ಟುಬಿಡಿ, ಊರಿನ ಮರ್ಯಾದೆ ಪ್ರಶ್ನೆ’ ಎನ್ನುತ್ತಾರೆ. ದಂಡ ಕಟ್ಟಿಸಿದರೂ ಅದು ನೊಂದವರ ಕೈಗೆ ಸೇರುತ್ತದೆಂಬ ಖಾತ್ರಿಯಿಲ್ಲ. ನಾನು ಹೇಳುತ್ತಿರುವುದು ಅದರ ತದ್ವಿರುದ್ಧ. ಇಲ್ಲಿ ಮೊದಲ ಮಾತು ನೊಂದವರದು. ಅವರು ಬೇಡವೆಂದರೆ ಅಲ್ಲಿಗೆ ನಿಂತಿತು.

ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದರೆ ಸುತ್ತ ಕೂರುವ ಮಾತೇ ಇಲ್ಲ. 2012ರ ಪೋಕ್ಸೊ ಕಾಯ್ದೆಯಂತೆ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಅದೇ ಅಪರಾಧ. ಮಕ್ಕಳ ಸಹಾಯವಾಣಿ 1098 ನಿಮಗೆಲ್ಲ ಬಾಯಿಪಾಠವಿರಲಿ. ಹಾಗೆಯೇ ಜಾತಿಯ ಹೆಸರಿನಲ್ಲಿ ಅವಮಾನ ಮಾಡಿದಾಗ, ‘ಒಳಗೊಳಗೇ ಮುಗಿಸೋಣ’ ಎನ್ನುವ ಮಾತು ನಮ್ಮ ಬಾಯಿಂದ ಬರಕೂಡದು. ಅದಕ್ಕೂ ಕಾನೂನಿದೆ, 1989ರ ದೌರ್ಜನ್ಯ ತಡೆ ಕಾಯ್ದೆ. ಹರಳಯ್ಯನವರನ್ನು ಪೂಜಿಸುವ ನಾವು, ನಮ್ಮ ಕೇರಿಯ ಹುಡುಗನೊಬ್ಬ ದಲಿತ ಹುಡುಗನ ತಟ್ಟೆ ಒದ್ದಾಗ ಮಠದ ಹೆಸರು ಹೇಳಿ ಮುಚ್ಚಿಹಾಕಿದರೆ, ಬಿಜ್ಜಳನ ಕಡೆ ನಿಂತ ಹಾಗೆ.

ಕೊನೆಯದಾಗಿ, ‘ದಂಡಂ ದಶಗುಣಂ’ ಎಂದು ಈಗಲೂ ಹೇಳುವ ಹಿರಿಯರಿಗೆ ಒಂದು ಮಾತು. ಹೊಡೆದರೆ ಮಕ್ಕಳು ಸುಮ್ಮನಾಗುತ್ತಾರೆ, ನಿಜ. ಸುಮ್ಮನಾಗುವುದು ಬೇರೆ, ಸರಿಯಾಗುವುದು ಬೇರೆ. ಏಟು ತಿಂದವನಿಗೆ ಲೆಕ್ಕ ಚುಕ್ತಾ ಆಯಿತು ಎನಿಸುತ್ತದೆ, ಇನ್ನು ತನ್ನಿಂದ ಯಾರಿಗೂ ಬಾಕಿಯಿಲ್ಲ. ನೊಂದವರ ಎದುರು ಕೂತು ಅವರ ಮಾತು ಕೇಳಿ, ಕೈಯಾರೆ ಸರಿಪಡಿಸುವುದು ಏಟಿಗಿಂತ ಕಷ್ಟ. ಆ ಮೂವರಲ್ಲಿ ಒಬ್ಬ ನನಗೆ ಹೇಳಿದ: ‘ನಾಲ್ಕು ಏಟು ಹೊಡೆದಿದ್ರೆ ಚೆನ್ನಾಗಿತ್ತು ಸರ್, ಬೇಗ ಮುಗೀತಿತ್ತು.’ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಾಲೆಯಲ್ಲಿ ದೈಹಿಕ ಶಿಕ್ಷೆ ಕೊಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಆದರೆ ಬೆತ್ತ ಕೆಳಗಿಟ್ಟ ಕೈಗೆ ಬೇರೊಂದು ಕೆಲಸವನ್ನು ನಾವು ಕೊಟ್ಟಿಲ್ಲ. ಆದ್ದರಿಂದಲೇ ಮೇಷ್ಟ್ರುಗಳು ‘ನಮ್ಮ ಕೈ ಕಟ್ಟಿಹಾಕಿದ್ದಾರೆ’ ಎನ್ನುತ್ತಾರೆ. ಆ ಕೈಗೆ ಕೊಡಬೇಕಾದ ಕೆಲಸ ಇದೇ.

ಮಠಗಳು ನಡೆಸುವ ಶಾಲೆಗಳಲ್ಲಿ, ಉಚಿತ ಪ್ರಸಾದ ನಿಲಯಗಳಲ್ಲಿ ಸಾವಿರಾರು ಮಕ್ಕಳು ಓದುತ್ತಿದ್ದಾರೆ. ಪೂಜ್ಯರಲ್ಲಿ ನನ್ನ ಬಿನ್ನಹ ಇಷ್ಟು. ಯಾವುದೇ ಮಗುವನ್ನು ನಿಲಯದಿಂದ ಹೊರಗೆ ಕಳುಹಿಸುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿ, ಉತ್ತರಗಳನ್ನು ಬರೆದಿಡಿ. ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರಿಗಾದರೂ ಹೀಗೆ ಸುತ್ತ ಕೂರಿಸಿ ಮಾತನಾಡಿಸುವ ತರಬೇತಿ ಕೊಡಿಸಿ. ಬೆಂಗಳೂರಿನಲ್ಲೇ ಎನ್‌ಫೋಲ್ಡ್‌ನಂತಹ ಸಂಸ್ಥೆಗಳು ಈ ಕೆಲಸದಲ್ಲಿ ತೊಡಗಿವೆ, ದೂರ ಹೋಗಬೇಕಿಲ್ಲ. ಮತ್ತು ದೊಡ್ಡವರಿಂದ ತಪ್ಪಾದಾಗ, ಶಿಕ್ಷಕರೇ ಆಗಲಿ, ಅಡುಗೆಯವರೇ ಆಗಲಿ, ಆಡಳಿತ ಮಂಡಳಿಯವರೇ ಆಗಲಿ, ಅದೇ ಸುತ್ತಿನಲ್ಲಿ ಮಕ್ಕಳ ಎದುರು ಕೂರಬೇಕು. ಮಕ್ಕಳಿಗೆ ಮಾತ್ರ ಅನ್ವಯಿಸುವ ನ್ಯಾಯವನ್ನು ಮಕ್ಕಳು ನಂಬುವುದಿಲ್ಲ.

ಮಕ್ಕಳೇ, ನಿಮಗೆ ಇವತ್ತಿನ ಮನೆಕೆಲಸ ಒಂದೇ. ನಾಳೆ ನಿಮ್ಮ ತರಗತಿಯಲ್ಲಿ ಏನಾದರೂ ಜಗಳವಾದರೆ, ‘ಯಾರು ಮಾಡಿದ್ದು?’ ಎಂದು ಕೂಗುವ ಮೊದಲು, ‘ಯಾರಿಗೆ ಏನಾಯ್ತು?’ ಎಂದು ಕೇಳಿ. ಕೇಳಿ, ಉತ್ತರ ಬರುವವರೆಗೆ ಕಾಯಿರಿ.